ಸೆನ್ಸರ್ ಮೇಲೆ ಯಾಕಪ್ಪಾ ಸಿಟ್ಟು?

ಕಾರಿನ ಎಕ್ಸಾಸ್ಟ್ (ಹೊಗೆ ಪೈಪ್) ಬದಲಾಯಿಸಿದ ಮೇಲೆ ಚೆಕ್ ಎಂಜಿನ್ ದೀಪ ಹತ್ತಿತು ಅಂತ ಹೇಳಿ ನೋಡಿ. ಎಲ್ಲರ ಬಾಯಲ್ಲೂ ಒಂದೇ ಮಾತು: "ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಾಯಿಸಿ." ಅಲ್ಲ ಸ್ವಾಮಿ, ಸೆನ್ಸರ್ ಏನು ತಪ್ಪು ಮಾಡಿತು? ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದೆ, ಅಷ್ಟೇ.

ಸ್ಕ್ಯಾನರ್ ಹಾಕಿದಾಗ ಪಿ0420 ಎಂಬ ದೋಷದ ಕೋಡ್ ಬಂದರೆ, ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಕಾರಿನ ಕಂಪ್ಯೂಟರ್‌ಗೆ ಅನಿಸಿದೆ ಎಂದರ್ಥ. ಕನ್ವರ್ಟರ್‌ನ ಮುಂದೊಂದು, ಹಿಂದೊಂದು, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುತ್ತದೆ. ಸಾಮಾನ್ಯ ಸೆನ್ಸರಾದರೆ ಮುಂದಿನದರ ವೋಲ್ಟೇಜ್ ಏರಿಳಿಯುತ್ತಲೇ ಇರುತ್ತದೆ, ಕನ್ವರ್ಟರ್ ಚೆನ್ನಾಗಿದ್ದರೆ ಹಿಂದಿನದು ಹೆಚ್ಚುಕಡಿಮೆ ನೆಟ್ಟಗಿರಬೇಕು. ಅದೂ ಮುಂದಿನದರ ತಾಳಕ್ಕೆ ಕುಣಿಯತೊಡಗಿದರೆ ದೀಪ ಹತ್ತುತ್ತದೆ. ಕನ್ವರ್ಟರನ್ನೇ ಕಿತ್ತು ಬರೀ ಪೈಪ್ ಕೂರಿಸಿದರೆ ಇನ್ನೇನಾಗಬೇಕು?

ಬರೀ ಹಿಂಬದಿಯ ಮಫ್ಲರ್ (ಸದ್ದು ತಗ್ಗಿಸುವ ಡಬ್ಬಿ) ಬದಲಾಗಿದ್ದರೆ ಸಾಮಾನ್ಯವಾಗಿ ದೀಪ ಹತ್ತಬಾರದು. ಹತ್ತಿದರೆ ಜಾಯಿಂಟ್ ನೋಡಿ, ಗ್ಯಾಸ್ಕೆಟ್ ನೋಡಿ. ಸೆನ್ಸರ್ ಹತ್ತಿರ ಸಣ್ಣ ಸೋರಿಕೆ ಇದ್ದರೂ ಹೊರಗಿನ ಗಾಳಿ ಒಳಗೆ ಸೇರಿ ಲೆಕ್ಕ ತಪ್ಪುತ್ತದೆ. ವೈರ್ ಬಿಸಿ ಪೈಪಿಗೆ ತಾಗಿ ಸುಟ್ಟಿರಲೂಬಹುದು. (ಇದನ್ನಂತೂ ಯಾರೂ ಬಗ್ಗಿ ನೋಡುವುದಿಲ್ಲ.)

ಜಾಸ್ತಿ ಸಿಟ್ಟು ಬರುವುದು ಸುಮ್ನೆ ಕೋಡ್ ಅಳಿಸಿ "ಸರಿಯಾಯ್ತು" ಅನ್ನುವವರ ಮೇಲೆ. ಅಳಿಸಿದರೆ ತೊಂದರೆ ಶುರುವಾದ ಹೊತ್ತಿನ ಎಂಜಿನ್ ಸ್ಥಿತಿಯನ್ನು ದಾಖಲಿಸಿಟ್ಟ ಫ್ರೀಜ್ ಫ್ರೇಮ್ ಮಾಹಿತಿಯೂ ಹೋಯಿತು. ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನು ಮೊದಲಿಂದ ಶುರು ಮಾಡುತ್ತದೆ. ಅವು ಮುಗಿಯುವ ತನಕ ದೀಪ ಆರಿರುತ್ತದೆ, ಅಷ್ಟೇ ಅಲ್ವಾ? ಕೋಡ್ ಬರೆದಿಟ್ಟುಕೊಂಡು, ಕಾರು ಎತ್ತಿ ಒಮ್ಮೆ ಪೈಪ್ ನೋಡುವುದಕ್ಕೆ ಇವರಿಗೇನು ಕಷ್ಟವೋ!