ಮೊದಲು ಈಜುಕೊಳದ ಮೇಲೆ ಕೇಸು ಹಾಕಿ

ಅಮೆರಿಕದಲ್ಲಿ ಮತ್ತೆ ಎಲ್ಲೋ ಒಂದು ಮಗುವಿನ ಕೈಗೆ ಅಪ್ಪನ ಪಿಸ್ತೂಲು ಸಿಕ್ಕಿದೆ. ಮುಂದಿನದು ನಿಮಗೆ ಗೊತ್ತು. ಊರಿನ ಹೆಸರು ಬದಲಾಗುತ್ತದೆ, ಮಗುವಿನ ವಯಸ್ಸು ಎರಡೋ ಮೂರೋ ಆಗುತ್ತದೆ, ಪಿಸ್ತೂಲು ಸೋಫಾದ ಸಂದಿಯಲ್ಲೋ ಅಮ್ಮನ ಬ್ಯಾಗಿನಲ್ಲೋ ಇರುತ್ತದೆ. ಉಳಿದದ್ದೆಲ್ಲ ಹೋದ ಸಲ ಬರೆದದ್ದನ್ನೇ ಮತ್ತೆ ಹಾಕಿದರೂ ನಡೆಯುತ್ತದೆ.

ಓದಿ ಸುಮ್ನಿರಬೇಕಿತ್ತು. ಸುಮ್ನಿರದೆ ಡಲ್ಲಾಸಿನ ಪಕ್ಕದಲ್ಲಿರುವ ನನ್ನ ಹೆಂಡತಿಯ ತಮ್ಮನಿಗೆ ಕಳಿಸಿದೆ. ‘ಏನಯ್ಯಾ ಇದು ನಿಮ್ಮೂರ ಕಥೆ?’ ಎಂದು ಕೇಳಿದೆ. ಐದೇ ನಿಮಿಷಕ್ಕೆ ಉತ್ತರ ಬಂತು. ‘ಭಾವ, ಇಲ್ಲಿ ಮಕ್ಕಳು ಸ್ವಿಮ್ಮಿಂಗ್ ಪೂಲಲ್ಲಿ ಇದಕ್ಕಿಂತ ಜಾಸ್ತಿ ಸಾಯ್ತಾರೆ. ಪೂಲ್ ಬ್ಯಾನ್ ಮಾಡಿ ಅಂತ ಯಾರಾದ್ರೂ ಹೇಳ್ತಾರಾ?’

ಇವನು ಹುಟ್ಟಿದ್ದು ತೀರ್ಥಹಳ್ಳಿಯ ಹತ್ತಿರ. ಅಡಿಕೆ ಸುಲಿದು ಬೆಳೆದ ಕೈ. ಇವನ ಮನೆಯಲ್ಲಿ ಒಂದು ಚೂರಿ ಬಿಟ್ಟರೆ ಆಯುಧವಿಲ್ಲ, ಅದೂ ಈರುಳ್ಳಿ ಹೆಚ್ಚುವುದು. ಆದರೆ ಪೂಲ್ ಇದೆ. ಹೀಗಾಗಿ ತನ್ನ ಹಿತ್ತಲಲ್ಲಿರುವುದನ್ನು ಕೊಲೆಗಾರ ಎಂದು ಬೈದು, ಪಕ್ಕದವನ ಮನೆಯಲ್ಲಿರುವುದಕ್ಕೆ ವಕಾಲತ್ತು ಹಾಕುವ ವಿಚಿತ್ರ ಸ್ಥಿತಿ ಅವನದು.

ಅವನು ಹೇಳಿದ್ದು ಸುಳ್ಳೇನಲ್ಲ. ಅಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ನೀರಲ್ಲಿ ಮುಳುಗುವುದೇ ಮೊದಲ ಕಾರಣ. ಆದರೆ ಲೆಕ್ಕವನ್ನು ನಾಲ್ಕನೇ ವರ್ಷಕ್ಕೇ ನಿಲ್ಲಿಸಿದರೆ ಮಾತ್ರ ಕೋವಿ ಪಾಸಾಗುತ್ತದೆ. 19 ವರ್ಷದವರೆಗೆ ಎಣಿಸಿದರೆ 2020ರಲ್ಲಿ ಅದು ಕಾರನ್ನೂ ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂತು. ಈ ರ‍್ಯಾಂಕನ್ನು ಮಾತ್ರ ಯಾರೂ ಫ್ಲೆಕ್ಸ್ ಹಾಕಿಸಿ ಸಂಭ್ರಮಿಸಲಿಲ್ಲ.

‘ಆಕಸ್ಮಿಕ’ ಎನ್ನುವ ಪದವನ್ನು ನೋಡಿ. ಎಂಥ ಒಳ್ಳೆಯ ಪದ! 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830 ಜನ. ಅದರಲ್ಲಿ 26,328 ಆತ್ಮಹತ್ಯೆ, 20,958 ಕೊಲೆ. ಆಕಸ್ಮಿಕ ಎಂಬ ಖಾನೆಗೆ ಬಿದ್ದವರು 549 ಜನ ಮಾತ್ರ. ಈಗ ನಲವತ್ತೆಂಟು ಸಾವಿರ ಜನರನ್ನು ಬಾಗಿಲ ಹೊರಗೆ ನಿಲ್ಲಿಸಿ, ಈ 549 ಜನರನ್ನು ಮಾತ್ರ ಒಳಗೆ ಕರೆದು, ಜಾರಿ ಬಿದ್ದು ಸತ್ತವರ ಪಕ್ಕದಲ್ಲಿ ಕೂರಿಸಿ. ಜಾರಿ ಬಿದ್ದವರು ಅದೇ ವರ್ಷ 44 ಸಾವಿರಕ್ಕೂ ಹೆಚ್ಚು, ಬಹುಪಾಲು ವಯಸ್ಸಾದವರು. ಗೆದ್ದಿತಲ್ಲ ಕೋವಿ! ಬಚ್ಚಲುಮನೆ ಎದುರು ಅದು ಹಸುವಿನಷ್ಟು ಸಾಧು.

ಇದಕ್ಕಿಂತ ಚಂದದ್ದು ಸುತ್ತಿಗೆಯ ವಾದ. ‘ಭಾವ, ರೈಫಲ್ಲಿಗಿಂತ ಸುತ್ತಿಗೆ ದೊಣ್ಣೆಯಲ್ಲಿ ಜಾಸ್ತಿ ಕೊಲೆ ಆಗ್ತವೆ, ಎಫ್‌ಬಿಐ ಲೆಕ್ಕ ನೋಡಿ.’ ನೋಡಿದೆ. 2019ರ ಪಟ್ಟಿಯಲ್ಲಿ ರೈಫಲ್ 364, ಸುತ್ತಿಗೆ ದೊಣ್ಣೆ ಇತ್ಯಾದಿ 397. ಹೌದು, ಸುತ್ತಿಗೆ 33 ಹೆಣದ ಅಂತರದಿಂದ ಗೆದ್ದಿದೆ. ಅದೇ ಪಟ್ಟಿಯಲ್ಲಿ ಕೈಪಿಸ್ತೂಲು ಎಂಬ ಇನ್ನೊಂದು ಸಾಲಿದೆ. ಅಲ್ಲಿ 6,368 ಎಂದು ಬರೆದಿದೆ. ಆ ಸಾಲಿನ ಮೇಲೆ ಯಾರೋ ಕಾಫಿ ಲೋಟ ಇಟ್ಟಿದ್ದರು ಅಂತ ಕಾಣುತ್ತದೆ, ಫಾರ್ವರ್ಡ್ ಮಾಡುವಾಗ ನಮ್ಮ ಹುಡುಗನಿಗೆ ಕಂಡಿಲ್ಲ.

ಕೋವಿ ಎಂದ ಕೂಡಲೇ ನನಗೆ ಚಿಕ್ಕಪ್ಪನ ನೆನಪು. ಅವರದು ಕೇಪಿನ ಕೋವಿ. ತೋಟಕ್ಕೆ ಬರುವ ಮಂಗಗಳನ್ನು ಹೆದರಿಸಲು ಅಜ್ಜ ಲೈಸೆನ್ಸ್ ಮಾಡಿಸಿದ್ದು. ಅದು ನಮ್ಮ ಮನೆಯಲ್ಲಿ ಇದ್ದದ್ದಕ್ಕಿಂತ ಪೊಲೀಸ್ ಠಾಣೆಯಲ್ಲಿ ಇದ್ದದ್ದೇ ಜಾಸ್ತಿ ಎಂದು ನನ್ನ ಅಂದಾಜು. ವಿಧಾನಸಭೆ ಚುನಾವಣೆ ಬಂತು, ಕೋವಿ ಠಾಣೆಗೆ. ಲೋಕಸಭೆ ಬಂತು, ಕೋವಿ ಠಾಣೆಗೆ. ಬರಬರುತ್ತ ಮಂಗಗಳಿಗೂ ನೀತಿಸಂಹಿತೆ ಯಾವತ್ತಿನಿಂದ ಜಾರಿ ಎಂದು ಗೊತ್ತಾಗಿತ್ತು. ಚಿಕ್ಕಪ್ಪ ಕೋವಿ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟದ್ದು ಕಂಡರೆ ಸಾಕು, ಸಂಸಾರ ಸಮೇತ ತೋಟಕ್ಕೆ ಇಳಿಯುತ್ತಿದ್ದವು. ಕೊನೆಗೆ ಚಿಕ್ಕಪ್ಪ ‘ಇದಕ್ಕಿಂತ ಪಟಾಕಿ ವಾಸಿ’ ಎಂದು ರಿನ್ಯೂವಲ್ ಮಾಡಿಸುವುದನ್ನೇ ಬಿಟ್ಟರು.

ಕೊಡಗಿನವರದು ಬೇರೆ ಲೆಕ್ಕ. ಅಲ್ಲಿ ಕೊಡವರಿಗೆ ಮತ್ತು ವಂಶದಿಂದ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ, ಸದ್ಯಕ್ಕೆ 2029ರವರೆಗೆ. ಅವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಯನ್ನು ತೊಳೆದು, ತೋಕ್‌ಪೂ ಎಂಬ ಹೂ ಸಿಕ್ಕಿಸಿ, ದೇವರ ಮುಂದಿಟ್ಟು ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಅಷ್ಟು ಪೂಜಿಸುವವರೂ ‘ಕೋವಿಗಿಂತ ಹೊಳೆಯಲ್ಲಿ ಮುಳುಗಿ ಸಾಯುವವರು ಜಾಸ್ತಿ’ ಎಂದು ವಾದಿಸಿದ್ದನ್ನು ನಾನು ಕೇಳಿಲ್ಲ. ಕೋವಿಮದ್ದು ಎಂದರೆ ಮದ್ದು ಎಂಬ ಭಯ ಅವರಿಗೆ ಇದೆ.

ನಮ್ಮ ಪತ್ರಿಕೆಗಳದ್ದು ಇನ್ನೊಂದು ತಮಾಷೆ. ಮಲೆನಾಡಿನಲ್ಲಿ ಷಿಕಾರಿಗೆ ಹೋದವನು ಹಂದಿ ಅಂತ ತಿಳಿದು ಜೊತೆಗಾರನಿಗೇ ಈಡು ಹೊಡೆದರೆ ‘ಮಿಸ್ ಫೈರ್’ ಎಂದು ಹೆಡ್ಡಿಂಗ್ ಬರುತ್ತದೆ. ಮಿಸ್ ಫೈರ್ ಅಂದರೆ ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದರೂ ಗುಂಡು ಹಾರದೇ ಇರುವುದು. ನಮ್ಮಲ್ಲಿ ಹಾರದ ಗುಂಡಿಗೂ ಜನ ಸಾಯುತ್ತಾರೆ.

ಷಿಕಾರಿ ಎಂದ ಮೇಲೆ ಡಿಕ್ ಚೇನಿಯವರನ್ನು ಬಿಡುವುದು ಹೇಗೆ? 2006ರ ಫೆಬ್ರವರಿ, ಟೆಕ್ಸಾಸ್. ಅಮೆರಿಕದ ಉಪಾಧ್ಯಕ್ಷರು ಬುರ್ಲಿ ಹಕ್ಕಿಗೆ ಗುರಿಯಿಟ್ಟರು. ಈಡು ಬಿದ್ದದ್ದು 78 ವರ್ಷದ ವಕೀಲ ಹ್ಯಾರಿ ವಿಟಿಂಗ್‌ಟನ್ ಅವರ ಮುಖ, ಕುತ್ತಿಗೆ, ಎದೆಗೆ. ಒಂದು ಚರೆ ಹೃದಯದ ಹತ್ತಿರಕ್ಕೇ ಹೋಗಿತ್ತು. ವಾರ ಕಳೆದು ಆಸ್ಪತ್ರೆಯಿಂದ ಹೊರಬಂದ ವಿಟಿಂಗ್‌ಟನ್ ಮೈಕ್ ಮುಂದೆ ನಿಂತು ವಿಷಾದ ಹೇಳಿದರು. ಪಾಪ, ಉಪಾಧ್ಯಕ್ಷರಿಗೂ ಅವರ ಮನೆಯವರಿಗೂ ಈ ವಾರ ಎಷ್ಟು ತೊಂದರೆಯಾಯಿತು ಎಂದು. ಗುಂಡು ತಿಂದವನು ಗುಂಡು ಹೊಡೆದವನಿಗಾಗಿ ಮರುಗಿದ! ನಮ್ಮ ಯಾವ ಪಾಳೇಗಾರನಿಗೂ ಇಂಥ ಪ್ರಜೆ ಸಿಕ್ಕಿರಲಿಕ್ಕಿಲ್ಲ.

ನಾಯಿಗಳೂ ಹಿಂದೆ ಬಿದ್ದಿಲ್ಲ. 2015ರಲ್ಲಿ ಇಂಡಿಯಾನಾದಲ್ಲಿ ಒಬ್ಬ ಹೆಂಗಸು ಬಾತುಕೋಳಿ ಬೇಟೆಗೆ ಹೋಗಿ ಕೋವಿಯನ್ನು ನೆಲದ ಮೇಲಿಟ್ಟಳು. ಅವಳದೇ ಲ್ಯಾಬ್ರಡಾರ್ ಅದರ ಮೇಲೆ ಕಾಲಿಟ್ಟು ಅವಳ ಪಾದಕ್ಕೆ ಗುಂಡು ಹಾರಿಸಿತು. ನಾಯಿಯ ಹೆಸರು ಟ್ರಿಗರ್. ಇದನ್ನು ನಾನು ಕಟ್ಟಿ ಹೇಳಿದ್ದರೆ ಸಂಪಾದಕರು ‘ಜಾಸ್ತಿಯಾಯ್ತು’ ಎಂದು ಕತ್ತರಿಸುತ್ತಿದ್ದರು. 2023ರಲ್ಲಿ ಕನ್ಸಾಸಿನಲ್ಲಿ ಪಿಕಪ್ ಗಾಡಿಯ ಹಿಂದಿನ ಸೀಟಿನಲ್ಲಿದ್ದ ರೈಫಲನ್ನು ನಾಯಿ ತುಳಿದು, ಮುಂದೆ ಕೂತವನು ಸತ್ತೇ ಹೋದ. ಅಲ್ಲಿ ನಗು ಬರುವುದಿಲ್ಲ. ಒಂದು ಸಾವು, ಖಾನೆ: ಆಕಸ್ಮಿಕ.

ಈಗ ಅಮೆರಿಕದವರಿಗೆ ಸುರಕ್ಷೆಯ ಕಾಳಜಿ ಇಲ್ಲ ಎಂದುಕೊಳ್ಳಬೇಡಿ. ಅಲ್ಲಿ ಕಾಳಜಿ ಉಕ್ಕಿ ಹರಿಯುತ್ತದೆ. ಒಳಗೆ ಪುಟ್ಟ ಆಟಿಕೆ ಇಟ್ಟ ಕಿಂಡರ್ ಸರ್‌ಪ್ರೈಸ್ ಎಂಬ ಚಾಕಲೇಟ್ ಮೊಟ್ಟೆ ಇದೆಯಲ್ಲ? ಅಮೆರಿಕದಲ್ಲಿ ಅದು ನಿಷಿದ್ಧ. 1938ರ ಕಾನೂನು, ಮಗುವಿನ ಗಂಟಲಿಗೆ ಸಿಕ್ಕೀತು ಎಂದು. ಹುಲ್ಲಿನ ಮೇಲೆ ಎಸೆದು ಆಡುವ ಲಾನ್ ಡಾರ್ಟ್ ಎಂಬ ಚೂಪು ಬಾಣ ಮೂರು ಮಕ್ಕಳನ್ನು ಬಲಿ ತೆಗೆದುಕೊಂಡಿತ್ತು. 1988ರಲ್ಲಿ ಇಡೀ ದೇಶದಲ್ಲೇ ಮಾರಾಟ ಬಂದ್. ಮೂರು ಮಕ್ಕಳಿಗೆ ಒಂದು ಕಾನೂನು. ಸರಿಯಾದ ಕೆಲಸ, ಕೈಮುಗಿಯುತ್ತೇನೆ.

ಅಸಲಿಯಂತೆ ಕಾಣುವ ಆಟದ ಪಿಸ್ತೂಲಿನ ತುದಿಗೆ ಕಿತ್ತಳೆ ಬಣ್ಣವೋ ಅಂಥದೇ ಇನ್ನೊಂದು ಗುರುತೋ ಇರಲೇಬೇಕು. ಅಸಲಿ ಪಿಸ್ತೂಲಿಗೆ ಯಾವ ಬಣ್ಣವಾದರೂ ನಡೆಯುತ್ತದೆ. ಗ್ರಾಹಕ ವಸ್ತುಗಳ ಸುರಕ್ಷೆಗೆ ಅಲ್ಲೊಂದು ಆಯೋಗವೇ ಇದೆ. ಟೋಸ್ಟರ್, ತೊಟ್ಟಿಲು, ಟೆಡ್ಡಿ ಬೇರ್ ಎಲ್ಲವೂ ಅದರ ಕೈಕೆಳಗೆ. ಗೊಂಬೆಯ ಕಣ್ಣು ಕಿತ್ತು ಬಂದರೆ ಇಡೀ ಲೋಡು ವಾಪಸ್ ತರಿಸಬಹುದು. ಪಿಸ್ತೂಲು ಕೆಳಗೆ ಬಿದ್ದು ತಾನಾಗೇ ಹಾರಿದರೆ ವಾಪಸ್ ತರಿಸುವ ಅಧಿಕಾರ ಮಾತ್ರ ಈ ಆಯೋಗಕ್ಕಿಲ್ಲ. ಕಾನೂನೇ 1970ರ ದಶಕದಲ್ಲಿ ಅದನ್ನು ಹೊರಗಿಟ್ಟಿದೆ. 2005ರಲ್ಲಿ ಇನ್ನೊಂದು ಕಾನೂನು ಬಂತು. ಯಾರೋ ಕೋವಿ ತಗೊಂಡು ಅಪರಾಧ ಮಾಡಿದರೆ ಅದನ್ನು ತಯಾರಿಸಿದವನ ಮೇಲೆ ಕೇಸು ಹಾಕುವುದು ಬಹುಮಟ್ಟಿಗೆ ಸಾಧ್ಯವಿಲ್ಲ. ಟೆಡ್ಡಿ ಬೇರ್ ಮಾಡುವವನು ಇದನ್ನು ಓದಿದರೆ ಹೊಟ್ಟೆ ಉರಿದುಕೊಂಡಾನು.

ಟೆಕ್ಸಾಸಿಗೆ ನಾನೂ ಒಮ್ಮೆ ಹೋಗಿದ್ದೆ. ಅಂಗಡಿ ಬಾಗಿಲುಗಳ ಮೇಲೆ ‘30.06’ ಎಂಬ ಬೋರ್ಡು ಕಂಡು, ಅಂಗಡಿ ತೆರೆಯುವ ಟೈಮು ಅಂದುಕೊಂಡೆ. ಬಚ್ಚಿಟ್ಟ ಪಿಸ್ತೂಲು ಒಳಗೆ ತರಬೇಡಿ ಎನ್ನುವ ಕಾನೂನಿನ ಸೆಕ್ಷನ್ ನಂಬರಂತೆ. ಹೆಸರಾಂತ ರೈಫಲ್ ತೋಟೆಯೊಂದರ ನಂಬರೂ ಅದೇ, ಥರ್ಟಿ ಆಟ್ ಸಿಕ್ಸ್. ಕುಡಿತ ಬಿಡಿಸುವ ಸಂಘಕ್ಕೆ ವಿಸ್ಕಿಯ ಹೆಸರಿಟ್ಟ ಹಾಗೆ. ಆಸ್ಟಿನ್ನಿನಲ್ಲಿ ಅವರ ವಿಧಾನಸೌಧವಿದೆ. 2010ರಲ್ಲಿ ಅಲ್ಲಿ ಬಾಗಿಲಿಗೆ ಮೆಟಲ್ ಡಿಟೆಕ್ಟರ್ ಬಂತು. ಬರಿಗೈಯವರು ಸಾಲಿನಲ್ಲಿ ನಿಂತು ಬೆಲ್ಟು, ಬೀಗದ ಕೈ ತೆಗೆದಿಡಬೇಕು. ಪಿಸ್ತೂಲಿನ ಲೈಸೆನ್ಸ್ ತೋರಿಸಿದವರು ಪಕ್ಕದ ಬಾಗಿಲಿಂದ ನೇರ ಒಳಗೆ. ತಿರುಪತಿಯ ಸ್ಪೆಷಲ್ ದರ್ಶನದ ಹಾಗೆ! ಸಾಲು ತಪ್ಪಿಸಿಕೊಳ್ಳಲೆಂದೇ ಲಾಬಿ ಮಾಡುವವರು ಹೋಗಿ ಕೋವಿ ತರಬೇತಿ ಪಡೆದು ಲೈಸೆನ್ಸ್ ಮಾಡಿಸಿಕೊಂಡರು. 2021ರಿಂದ ಅಲ್ಲಿ ಬಹುತೇಕ 21 ದಾಟಿದವರೆಲ್ಲ ಲೈಸೆನ್ಸೇ ಇಲ್ಲದೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು.

ಶಾಲೆಯ ಮಕ್ಕಳಿಗೆ ಮಾತ್ರ ಅಷ್ಟು ಸಲಿಗೆ ಇಲ್ಲ. 2022ರ ಮೇ 24ರಂದು ಟೆಕ್ಸಾಸಿನದೇ ಉವಾಲ್ಡೆ ಎಂಬ ಊರಿನ ಶಾಲೆಯಲ್ಲಿ ಗುಂಡಿನ ದಾಳಿಗೆ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತರು. ಬಂದಿದ್ದ ಪೊಲೀಸರು 376 ಜನ, ಒಳಗೆ ನುಗ್ಗಲು ತೆಗೆದುಕೊಂಡದ್ದು 77 ನಿಮಿಷ. ಆಮೇಲೆ ಸೆನೆಟರ್ ಟೆಡ್ ಕ್ರೂಜ್, ಶಾಲೆಗೆ ಒಳಬರಲು ಒಂದೇ ಬಾಗಿಲು ಇರಬೇಕು ಎಂದರು. ತಪ್ಪು ಬಾಗಿಲಿನದು! ಅದೇ ವರ್ಷ ಡಲ್ಲಾಸಿನ ಸರ್ಕಾರಿ ಶಾಲೆಗಳಲ್ಲಿ 6ರಿಂದ 12ನೇ ತರಗತಿಯವರಿಗೆ ಪಾರದರ್ಶಕ ಬ್ಯಾಗ್ ಕಡ್ಡಾಯವಾಯಿತು. ಹನ್ನೆರಡು ವರ್ಷದ ಹುಡುಗಿಯ ಬ್ಯಾಗಿನಲ್ಲಿ ಏನಿದೆ ಎಂದು ಊರಿಗೆಲ್ಲ ಕಾಣಬೇಕು. ಅವಳ ಪಕ್ಕದಲ್ಲಿ ನಡೆದು ಹೋಗುವವನ ಸೊಂಟದಲ್ಲಿ ಏನಿದೆ ಎಂದು ಕೇಳುವುದು ಮರ್ಯಾದೆಯಲ್ಲ.

ಇಷ್ಟು ಹೇಳಿದ್ದಕ್ಕೆ ನಮ್ಮ ಹುಡುಗ ಕೊನೆಯ ಅಸ್ತ್ರ ಬಿಟ್ಟ. ‘ಭಾವ, ಇಂಡಿಯಾದಲ್ಲಿ 2022ರಲ್ಲಿ ರೋಡಲ್ಲೇ 1,68,491 ಜನ ಸತ್ರು. ಮೊದ್ಲು ಅದನ್ನ ನೋಡ್ಕೊಳ್ಳಿ.’ ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಂಕಿ ಸರಿ. ರಸ್ತೆಯ ಗುಂಡಿಗೆ ಬಿದ್ದು ಸತ್ತವನು ಹೆಲ್ಮೆಟ್ ಹಾಕಿದ್ದನೇ ಎಂದು ಮೊದಲು ಕೇಳುವ ಊರಲ್ಲಿ ಕೂತು ನಾನು ಟೆಕ್ಸಾಸಿಗೆ ಬುದ್ಧಿ ಹೇಳುವುದೂ ಒಂದು ವಿಡಂಬನೆಯೇ. ನಮ್ಮಲ್ಲಿ ಆ ಗುಂಡಿ, ಅವರಲ್ಲಿ ಈ ಗುಂಡು.

ಆದರೂ ಒಂದು ಮಾತು ಹೇಳಿಬಿಡುತ್ತೇನೆ, ತಮಾಷೆ ಸಾಕಾಯಿತು. ಅವನು ಪಟ್ಟಿ ಮಾಡಿದ ಪ್ರತಿಯೊಂದರ ಬಗ್ಗೆಯೂ ಯಾರೋ ತಲೆ ಕೆಡಿಸಿಕೊಂಡಿದ್ದಾರೆ. ಕಾರು ಕೊಲ್ಲುತ್ತಿದೆ ಎಂದು ಗೊತ್ತಾದಾಗ ಬೆಲ್ಟು ಬಂತು, ಏರ್‌ಬ್ಯಾಗ್ ಬಂತು, ಕಾರನ್ನು ಗೋಡೆಗೆ ಗುದ್ದಿಸಿ ನೋಡಿದರು. 1982ರಲ್ಲಿ ಶಿಕಾಗೋದಲ್ಲಿ ಟೈಲೆನಾಲ್ ಮಾತ್ರೆಗೆ ಯಾರೋ ವಿಷ ಬೆರೆಸಿ ಏಳು ಜನ ಸತ್ತಾಗ ಇಡೀ ದೇಶದ ಔಷಧಿ ಬಾಟಲಿಗಳ ಮುಚ್ಚಳವೇ ಬದಲಾಯಿತು. ಕೋವಿ ಕೊಲ್ಲುತ್ತಿದೆ ಎಂದು ಗೊತ್ತಾದಾಗ ಏನಾಯಿತು? ಅದನ್ನು ಲೆಕ್ಕ ಹಾಕುತ್ತಿದ್ದವರ ಬಾಯಿಗೆ ಬೀಗ ಬಿತ್ತು. 1996ರಲ್ಲಿ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಬಜೆಟ್ಟಿಗೆ ಒಂದು ಸಾಲು ಸೇರಿಸಿದರು. ಕೋವಿ ನಿಯಂತ್ರಣಕ್ಕೆ ಪ್ರಚಾರವಾಗುವಂತೆ ದುಡ್ಡು ಬಳಸಕೂಡದು ಎಂದು. ಕೋವಿಯ ಅಧ್ಯಯನಕ್ಕೆ ಖರ್ಚಾಗುತ್ತಿದ್ದ 26 ಲಕ್ಷ ಡಾಲರನ್ನೂ ಕಿತ್ತುಕೊಂಡರು. ಮತ್ತೆ ಕಾಸು ಸಿಕ್ಕಿದ್ದು 2020ರ ಬಜೆಟ್ಟಿನಲ್ಲಿ. ಅಷ್ಟು ವರ್ಷ ಎಣಿಸುವವರನ್ನು ಸುಮ್ನಿರಿಸಿ, ಈಗ ‘ಅಂಕಿಅಂಶ ನೋಡಿ ಮಾತಾಡಿ’ ಅನ್ನುತ್ತಾರೆ. ಓದಿ ಓದಿ ಸುಸ್ತಾಗಿದೆ. ಸತ್ತ ಮಗುವಿನ ತಾಯಿಗೆ ಯಾರಾದರೂ ಹೋಗಿ ಹೇಳಲಿ ನೋಡೋಣ, ನೀರಲ್ಲಿ ಇನ್ನೂ ಜಾಸ್ತಿ ಮಕ್ಕಳು ಹೋಗ್ತಾರಮ್ಮ ಎಂದು.

ಅವನ ಹೆಂಡತಿಯನ್ನು ಕೇಳಿದೆ. ಮಗಳನ್ನು ಗೆಳತಿಯ ಮನೆಗೆ ಆಡಲು ಕಳಿಸುವಾಗ ಆ ಮನೆಯವರನ್ನು ಏನೇನು ವಿಚಾರಿಸುತ್ತೀಯಮ್ಮಾ? ‘ನಾಯಿ ಇದೆಯಾ, ತಿಂಡಿಗೆ ಕಡಲೆಬೀಜ ಹಾಕ್ತಾರಾ, ಪೂಲಿಗೆ ಬೇಲಿ ಇದೆಯಾ ಅಂತ ಕೇಳ್ತೀನಿ ಅಣ್ಣ’ ಎಂದಳು. ಪಿಸ್ತೂಲು? ‘ಅಯ್ಯೋ, ಅದನ್ನ ಹೇಗೆ ಕೇಳೋದು? ಏನಂದ್ಕೋತಾರೆ?’ ಅಲ್ಲಿನ ಮಕ್ಕಳ ವೈದ್ಯರ ಸಂಘವೇ ಕೇಳಿ ಎನ್ನುತ್ತದೆ. ಈ ಹುಡುಗಿಗೆ ನಾಚಿಕೆ.

ಮೊನ್ನೆ ಭಾನುವಾರ ಮತ್ತೆ ಮೆಸೇಜು ಬಂತು. ಮತ್ತೊಂದು ಅಂಕಿ ಇರಬಹುದು ಎಂದು ತೆರೆದರೆ ಫೋಟೋ. ಅವರ ಬಡಾವಣೆಯ ಸಂಘದಿಂದ ನೋಟಿಸು. ನಿಮ್ಮ ಪೂಲಿನ ಗೇಟು ತಾನಾಗೇ ಮುಚ್ಚಿಕೊಳ್ಳುತ್ತಿಲ್ಲ, ಚಿಲಕ ಸಡಿಲವಾಗಿದೆ, ಹತ್ತು ದಿನದಲ್ಲಿ ಸರಿಪಡಿಸಿ, ಇಲ್ಲದಿದ್ದರೆ ದಂಡ.

‘ಎಷ್ಟು ಸ್ಟ್ರಿಕ್ಟ್ ನೋಡಿ ಭಾವ ಇಲ್ಲಿ’ ಎಂದು ಕೆಳಗೆ ಬರೆದಿದ್ದ, ಹೆಮ್ಮೆಯಿಂದ.