ಟೆಂಡರ್ ಓಪನ್, ಬೀಗದ ಕೈ ಒಬ್ಬರ ಜೇಬಲ್ಲಿ

ಮಂಡ್ಯ ಕಡೆಯ ಒಂದು ಕಚೇರಿಗೆ ಕಬ್ಬಿನ ಲಾರಿಗಳ ತೂಕ ಬರೆದಿಡುವ ಸಾಫ್ಟ್‌ವೇರ್ ಬೇಕಂತೆ. ಟೆಂಡರ್‌ನ ಮೊದಲ ಪುಟದಲ್ಲೇ ದಪ್ಪಕ್ಷರ: 'ಓಪನ್ ಸ್ಟ್ಯಾಂಡರ್ಡ್ ಕಡ್ಡಾಯ.' ಅಂದರೆ ಒಂದೇ ಕಂಪನಿಯ ಹಿಡಿತದಲ್ಲಿರದ, ಯಾರು ಬೇಕಾದರೂ ಬಳಸಬಹುದಾದ ಮಾನದಂಡ. ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಈ ನೀತಿ ತಂದಿದ್ದು 2010ರಲ್ಲಿ, ಕೊನೆಗೂ ಯಾರೋ ಓದಿದ್ದಾರಲ್ಲ ಅಂತ ಖುಷಿಯಿಂದ ಪುಟ ತಿರುಗಿಸುತ್ತಾ ಹೋದರೆ, ಕಟ್ಟಕಡೆಯ ಅನುಬಂಧದಲ್ಲಿ ಇನ್ನೊಂದು ಷರತ್ತು: ಪ್ರೋಗ್ರಾಮ್ ಈಗಿರುವ ವೆಂಡರ್‌ನ ಸ್ವಂತ ಭಾಷೆಯಲ್ಲೇ ಇರಬೇಕು. ಆ ಭಾಷೆಗೆ ಕಂಪೈಲರ್ (ಬರೆದ ಕೋಡನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬದಲಿಸುವ ಸಾಫ್ಟ್‌ವೇರ್) ಮಾಡೋರು ಜಗತ್ತಿನಲ್ಲಿ ಒಬ್ಬರೇ. ಯಾರು ಅಂತ ಹೇಳಬೇಕಾ? ಬಾಗಿಲು ತೆರೆದೇ ಇದೆ ಸ್ವಾಮಿ, ಬೀಗದ ಕೈ ಮಾತ್ರ ಒಬ್ಬರ ಜೇಬಲ್ಲಿದೆ.

ಟೆಂಡರ್ ಹಾಕುವ ಮುಂಚಿನ ಪ್ರೀ-ಬಿಡ್ ಸಭೆಗೆ ಮೈಸೂರಿನಿಂದ ಬಂದಿದ್ದ ಹುಡುಗಿ ಕೇಳಿದಳಂತೆ, "ಸಾರ್, ನಾಳೆ ಈ ಕಂಪನಿ ಮುಚ್ಚಿದ್ರೆ?"

"ಹೆಂಗಮ್ಮ ಮುಚ್ತಾರೆ? ಐದು ವರ್ಷಕ್ಕೆ ಮೇಂಟೆನೆನ್ಸ್ ಒಪ್ಪಂದ ಬರ್ಕೊಟ್ಟವ್ರೆ!"

ಕಂಪನಿ ಮುಚ್ಚಲೇಬೇಕು ಅಂತೇನಿಲ್ಲ. ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ಭಾಷೆ ವಿಷುವಲ್ ಬೇಸಿಕ್ 6 ಬಂದಿದ್ದು 1998ರಲ್ಲಿ. ಆಮೇಲೆ ಅವರದ್ದೇ ಹೊಸ ವ್ಯವಸ್ಥೆ ಡಾಟ್‌ನೆಟ್ ಬಂತು, ಹಳೇ ಕೋಡ್ ಅದರಲ್ಲಿ ಹಾಗೇ ಓಡಲಿಲ್ಲ. 2008ಕ್ಕೆ ಹಳೇ ಭಾಷೆಯ ಕೋಡ್ ಬರೆಯುವ ಎಡಿಟರ್‌ಗೆ ಬೆಂಬಲವೂ ನಿಂತಿತು. ಮೈಕ್ರೋಸಾಫ್ಟ್ ಗಟ್ಟಿಮುಟ್ಟಾಗಿಯೇ ಇತ್ತು, ಕೋಡ್ ಬರೆದವರು ಮಾತ್ರ ಬೀದಿಗೆ ಬಿದ್ದರು. ಅದೇ ಸಿ ಭಾಷೆ ನೋಡಿ. 1990ರಿಂದ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಸ್ಟ್ಯಾಂಡರ್ಡ್ ಇದೆ. ಜಿಸಿಸಿ ಅನ್ನೋ ಕಂಪೈಲರ್ ಬೇಡವಾದರೆ ಕ್ಲಾಂಗ್, ಅದೂ ಬೇಡವಾದರೆ ಇನ್ನೊಂದು. ಪೈಥಾನ್ ಭಾಷೆಗೆ ಐಎಸ್‌ಒ ಮುದ್ರೆ ಇಲ್ಲ ನಿಜ, ಆದರೆ ಸೋರ್ಸ್ ಕೋಡ್ ಎಲ್ಲರ ಕೈಗೂ ಸಿಗುತ್ತೆ, ಇವತ್ತಿರುವವರು ಕೈಬಿಟ್ಟರೆ ನಾಳೆ ಬೇರೆಯವರು ನೋಡಿಕೊಳ್ಳಬಹುದು. (ಹಾಗಂತ ಸಿ ಭಾಷೆಯಲ್ಲೇ ಬರೆದು, ಒಂದೇ ಕಂಪನಿಯ ಸಿದ್ಧ ಕೋಡ್‌ನ ಲೈಬ್ರರಿಗೆ ಎಲ್ಲಾನೂ ನೇತುಹಾಕಿದರೆ ಅದೂ ಇದೇ ಪಾಡು, ಐಎಸ್‌ಒ ಬಂದು ಕಾಪಾಡಲ್ಲ.)

ಸಭೆಯ ನಡಾವಳಿ ನನ್ನ ಫೋನಿಗೂ ಬಂತು. ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆಲ್ಲ ಸೊಟ್ಟ ಗೆರೆ. ಎಲ್ಲ ಭಾಷೆಯ ಅಕ್ಷರಗಳೂ ಎಲ್ಲ ಕಂಪ್ಯೂಟರಲ್ಲೂ ಸರಿಯಾಗಿ ಕಾಣಲೆಂದಿರುವ ಸ್ಟ್ಯಾಂಡರ್ಡ್ ಯೂನಿಕೋಡ್‌ಗೆ ಕನ್ನಡ ಸೇರಿದ್ದು 1991ರಲ್ಲಿ. ಇವರು ಮಾತ್ರ ಓಪನ್ ಸ್ಟ್ಯಾಂಡರ್ಡ್ ಬಗ್ಗೆ ಹಳೇ ಫಾಂಟ್‌ನಲ್ಲೇ ಚರ್ಚೆ ಮಾಡಿದ್ದಾರೆ! ಕೊನೆಗೆ ಆ ಫಾಂಟ್ ಇರುವ ಗೆಳೆಯರಿಂದ ಓದಿಸಿಕೊಂಡೆ.

ಒಬ್ಬರನ್ನೇ ನಂಬಿ ಕೂರಬಾರದು ಅನ್ನೋದನ್ನು ಸಮಿತಿ ಪೂರ್ತಿ ಒಪ್ಪಿದೆಯಂತೆ. ತಿದ್ದುಪಡಿಯೂ ಆಗಿದೆ: ವೆಂಡರ್ ಇನ್ನು ಮುಂದೆ ಕಂಪೈಲರ್‌ನ ಎರಡು ಸಿಡಿ ಕೊಡಬೇಕು. ಒಂದು ಮಂಡ್ಯದ ಬೀರುವಿಗೆ, ಒಂದು ಮೈಸೂರಿನ ಬೀರುವಿಗೆ.