ಗೇಮ್ ಮಾಡಿದವನಿಗೆ ಹಣ್ಣಿನ ಬುಟ್ಟಿ

ಕಳೆದ ತಿಂಗಳು ಹಾಸನದ ಒಂದು ಕಾಲೇಜಿನಲ್ಲಿ ನನಗೆ ಸನ್ಮಾನ ಆಯಿತು. ಶಾಲು, ಮೈಸೂರು ಪೇಟ, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ನಾನು ಮಾಡಿದ ಘನಕಾರ್ಯ ಏನೆಂದರೆ, ಎರಡೂವರೆ ವರ್ಷ ಒಬ್ಬನೇ ಕೂತು ಒಂದು ವಿಡಿಯೋ ಗೇಮ್ ಮಾಡಿದ್ದು. ಮನೆಗೆ ಬಂದು ಬುಟ್ಟಿ ಬಿಚ್ಚಿದೆ. ನಾಲ್ಕು ಸೇಬು, ನಾಲ್ಕು ಮೂಸಂಬಿ, ಒಂದು ಅನಾನಸ್, ಒಂದು ಗೊಂಚಲು ದ್ರಾಕ್ಷಿ. ಅಡಿಯಲ್ಲಿ ಅರ್ಧ ಬುಟ್ಟಿ ಬಣ್ಣದ ಪೇಪರ್ ಚೂರು. ಅಮ್ಮ ಕಟ್ಟಿನಕೆರೆ ಮಾರ್ಕೆಟ್ ರೇಟು ಹಿಡಿದು ಲೆಕ್ಕ ಹಾಕಿದರು. ಪೇಪರ್ ಚೂರು ಬಿಟ್ಟು ಬರೀ ಹಣ್ಣಿನ ಬೆಲೆಯೇ ಆ ತಿಂಗಳು ಗೇಮಿನಿಂದ ಬಂದಿದ್ದಕ್ಕಿಂತ ಜಾಸ್ತಿ ಇತ್ತು.

ಮುಖ್ಯ ಅತಿಥಿಗಳ ಭಾಷಣ ಮಾತ್ರ ಭರ್ಜರಿಯಾಗಿತ್ತು. 'ಮಕ್ಕಳೇ, ಗೇಮ್ ಆಡಬೇಡಿ, ಗೇಮ್ ಮಾಡಿ!' ಚಪ್ಪಾಳೆ. 'ಇದು ಜಕಣಾಚಾರಿಯ ಉಳಿ ಆಡಿದ ಜಿಲ್ಲೆ. ಅಂದು ಕಲ್ಲಿನಲ್ಲಿ ಕೆತ್ತಿದ್ದನ್ನು ಇಂದು ಕಂಪ್ಯೂಟರಿನಲ್ಲಿ ಕೆತ್ತಿ!' ಮತ್ತೆ ಚಪ್ಪಾಳೆ. ಬೇಲೂರಿಗೆ ಹೋಗಿ ನೋಡಿದರೆ ಮದನಿಕೆಯರ ಕೆಳಗಿರುವ ಹೆಸರುಗಳು ಬೇರೆಯೇ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕಲ್ಲಿನಲ್ಲಿ ತಮ್ಮ ಹೆಸರು ಕೆತ್ತಿಟ್ಟು ಹೋದವರಿಗೇ ಒಂಬೈನೂರು ವರ್ಷವಾದರೂ ನಮ್ಮ ವೇದಿಕೆಗಳಲ್ಲಿ ಕ್ರೆಡಿಟ್ ಸಿಕ್ಕಿಲ್ಲ. ಗೇಮಿನ ಕೊನೆಯಲ್ಲಿ ಮೂರು ಸೆಕೆಂಡ್ ಓಡುವ ನನ್ನ ಹೆಸರಿನ ಮಾತು ಎತ್ತುವುದೇ ಬೇಡ.

ಆಮೇಲೆ ಅತಿಥಿಗಳು ಚೀಟಿ ನೋಡಿಕೊಂಡು ಸರ್ಕಾರದ ನೀತಿಯ ಬಗ್ಗೆ ಹೇಳಿದರು. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಎಲ್ಲಾ ಸೇರಿಸಿ ಅದಕ್ಕೆ ಎವಿಜಿಸಿ ಅಂತಾರೆ. 2012ರಲ್ಲೇ, ದೇಶದಲ್ಲೇ ಮೊದಲು, ಇದಕ್ಕೊಂದು ನೀತಿ ತಂದಿದ್ದು ಕರ್ನಾಟಕ. ಈಗ 2024ರಿಂದ 29ರವರೆಗಿನ ಹೊಸ ನೀತಿಯೂ ಇದೆ. ಎಲ್ಲಾ ಸರಿ. ಆದರೆ ಅತಿಥಿಗಳು ಎರಡು ಸಲವೂ 'ಎಪಿಎಂಸಿ ನೀತಿ' ಅಂತಲೇ ಓದಿದರು. ಹಿಂದಿನ ಸಾಲಿನ ಹುಡುಗರು ನಕ್ಕರು. ನಾನೂ ನಕ್ಕೆ. ಬಾಯಿತಪ್ಪಿ ಅವರು ಸತ್ಯ ಹೇಳಿಬಿಟ್ಟಿದ್ದಾರೆ ಅಂತ ಗೊತ್ತಾಗಿದ್ದು ಆಮೇಲೆ.

ವೇದಿಕೆ ಇಳಿಯುವಾಗ ಅವರು ನನ್ನ ಭುಜದ ಮೇಲೆ ಕೈ ಹಾಕಿ, ಯಾರಿಗೂ ಕೇಳದ ಹಾಗೆ ಕೇಳಿದರು: 'ನಿಮ್ಮ ಗೇಮಲ್ಲಿ ಒಂದು ಸಾವಿರ ಹಾಕಿದ್ರೆ ಎಷ್ಟು ವಾಪಸ್ ಬರುತ್ತೆ?'

ವಾಪಸ್ ಏನೂ ಬರಲ್ಲ ಸರ್, ಸುಮ್ನೆ ಆಡಬೇಕು ಅಂದೆ. ಅವರ ಕೈ ಭುಜದಿಂದ ಇಳಿಯಿತು.

ನನ್ನ ಗೇಮಿನಲ್ಲಿ ಆಡುವವನು ಒಂದು ಕಾಡಾನೆ. ಕಾಫಿ ತೋಟದ ನಡುವೆ ಓಡಾಡಬೇಕು, ಹಲಸಿನ ಹಣ್ಣು ಹುಡುಕಬೇಕು, ಬೇಲಿ ದಾಟಬೇಕು, ಟ್ರಂಚ್ ತಪ್ಪಿಸಬೇಕು, ಬೆಳಗಾಗುವುದರೊಳಗೆ ಕಾಡು ಸೇರಬೇಕು. ಸಕಲೇಶಪುರದ ಕಡೆ ತೋಟ ಇರುವ ನನ್ನ ಸೋದರಮಾವನಿಗೆ ಮೊದಲು ತೋರಿಸಿದೆ. ಮಾವ ಹತ್ತು ನಿಮಿಷ ಮಾತಾಡದೆ ನೋಡಿದರು.

'ಅಲ್ಲ ಕಣೋ, ನಮ್ಮ ತೋಟ ತುಳಿಯಕ್ಕೆ ಜನ ದುಡ್ಡು ಕೊಡ್ತಾರಾ?'

'ಕೊಡ್ತಾರೆ ಮಾವ.'

'ನಮ್ಮಲ್ಲಿಗೆ ಬರೋವು ಪುಕ್ಕಟೆ ತುಳಿದು ಹೋಗ್ತವಲ್ಲೋ.'

ಅದಕ್ಕೆ ನಾನು ಸ್ಟಾರ್‌ಡ್ಯೂ ವ್ಯಾಲಿ ಕತೆ ಹೇಳಿದೆ. ಅಮೆರಿಕದ ಎರಿಕ್ ಬರೋನ್ ಅನ್ನುವವರು ನಾಲ್ಕೂವರೆ ವರ್ಷ ಒಬ್ಬರೇ ಕೂತು ಮಾಡಿ 2016ರಲ್ಲಿ ಬಿಟ್ಟ ಗೇಮ್ ಅದು. ನೆಲ ಉಳೋದು, ಬೀಜ ಹಾಕೋದು, ನೀರು ಬಿಡೋದು, ಕೊಯ್ಯೋದು. 2024ರ ಕೊನೆಯ ಹೊತ್ತಿಗೆ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. 'ಅಂದ್ರೆ ಬೇಸಾಯ ಮಾಡಿ ಉದ್ಧಾರ ಆಗಿರೋನು ಇದ್ದಾನೆ ಅನ್ನು. ಕಂಪ್ಯೂಟರಲ್ಲಿ ಮಾಡಬೇಕು ಅಷ್ಟೇ.'

ಇಂಥ ಕತೆಗಳನ್ನು ಭಾಷಣದವರು ತುಂಬಾ ಹೇಳುತ್ತಾರೆ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯೊಂದರಲ್ಲೇ 2024ರಲ್ಲಿ 18 ಸಾವಿರಕ್ಕೂ ಜಾಸ್ತಿ ಹೊಸ ಗೇಮ್‌ಗಳು ಬಂದವು ಅನ್ನುವುದನ್ನು ಹೇಳುವುದಿಲ್ಲ. ದಿನಕ್ಕೆ ಐವತ್ತು ಅಂತಿಟ್ಟುಕೊಳ್ಳಿ. ನೀವು ಬೆಳಗ್ಗೆ ಕಾಫಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಒಂದು ಗೇಮ್ ಬಿಡುಗಡೆಯಾಗಿ, ಕೆಳಗೆ ಸರಿದು, ಕಾಣೆಯೂ ಆಗಿರುತ್ತದೆ.

ಮೊಬೈಲಿನಲ್ಲಿ ಬಿಡೋಣ ಅಂದುಕೊಂಡರೆ ಅಲ್ಲಿನ ಕತೆ ಇನ್ನೊಂದು. 2023ರ ನವೆಂಬರ್ 13ರ ನಂತರ ಗೂಗಲ್ ಪ್ಲೇಯಲ್ಲಿ ಖಾತೆ ತೆರೆದ ಒಂಟಿ ಡೆವಲಪರ್, ಗೇಮ್ ಬಿಡುವ ಮುಂಚೆ 20 ಜನರನ್ನು ಪರೀಕ್ಷಕರಾಗಿ ಸೇರಿಸಬೇಕು, ಅವರು 14 ದಿನ ಬಿಡದೆ ಪಟ್ಟಿಯಲ್ಲಿರಬೇಕು ಅಂತ ನಿಯಮ ಬಂತು. 2024ರ ಡಿಸೆಂಬರಿನಲ್ಲಿ ಅದನ್ನು 12ಕ್ಕೆ ಇಳಿಸಿದರು. ಹನ್ನೆರಡು ಜನ ತಾನೇ, ಅದೇನು ಮಹಾ ಅಂತ ನಿಮಗನ್ನಿಸಬಹುದು. ಹಾಸನದಲ್ಲಿ ಮದುವೆಗೆ ಸಾವಿರ ಜನ ಸೇರಿಸಬಹುದು. ದುಡ್ಡೂ ಇಲ್ಲ, ಊಟವೂ ಇಲ್ಲ ಅಂದಮೇಲೆ ಹನ್ನೆರಡು ಜನರನ್ನು ಹದಿನಾಲ್ಕು ದಿನ ಒಂದು ಕಡೆ ನಿಲ್ಲಿಸುವುದಿದೆಯಲ್ಲ, ಅದು ಸರ್ಕಾರ ಉಳಿಸಿಕೊಂಡಷ್ಟೇ ಕಷ್ಟ.

ನಾನು ಮನೆ ಮನೆಗೆ ಹೋಗಿ ಕೈ ಮುಗಿದೆ. ಅಮ್ಮ ಒಂದು. ಮಾವ, ಅತ್ತೆ, ಅವರ ಇಬ್ಬರು ಮಕ್ಕಳು ಸೇರಿ ಐದು. ಎದುರು ಮನೆ ಆಂಟಿ ಆರು. ಸಾಲಗಾಮೆ ರಸ್ತೆಯ ಜೆರಾಕ್ಸ್ ಅಂಗಡಿಯವರು, ಕಟಿಂಗ್ ಶಾಪಿನವರು, ಟೀ ಅಂಗಡಿ ಅಣ್ಣ ಸೇರಿ ಒಂಬತ್ತು. ಪಿಯುಸಿ ಗೆಳೆಯರು ಮೂವರು. ಅಪ್ಪನದು ಬಟನ್ ಫೋನ್, ಹಾಗಾಗಿ ಅವರ ಮತ ಕುಲಗೆಟ್ಟಿತು. ಎಂಟು ದಿನ ಎಲ್ಲಾ ಚೆನ್ನಾಗಿ ನಡೆಯಿತು. ಒಂಬತ್ತನೇ ದಿನ ಅತ್ತೆಯ ವಾಟ್ಸಾಪಿಗೆ ಒಂದು ಫಾರ್ವರ್ಡ್ ಬಂತು: 'ಎಚ್ಚರ! ಗೇಮ್ ಲಿಂಕ್ ಒತ್ತಿದರೆ ಬ್ಯಾಂಕ್ ಖಾತೆ ಖಾಲಿ!' ಅತ್ತೆ ಹೆದರಿ ಅದೇ ಲಿಂಕಿಗೆ ಮತ್ತೆ ಹೋಗಿ, ಪರೀಕ್ಷೆಯಿಂದ ಹೊರಬರುವ ಬಟನ್ ಹುಡುಕಿ ಒತ್ತಿದರು. ಮಕ್ಕಳ ಫೋನಿನಲ್ಲೂ ಒತ್ತಿಸಿದರು. ಹನ್ನೆರಡು ಇದ್ದದ್ದು ಒಂಬತ್ತಾಯಿತು. ಬಹುಮತ ಹೋಯಿತು. ಮತ್ತೆ ಮೊದಲನೇ ದಿನದಿಂದ ಎಣಿಕೆ.

ಎರಡನೇ ಸಲ ನಾನು ರಾಜ್ಯದ ಹಿರಿಯರಿಂದ ಪಾಠ ಕಲಿತೆ. ಹದಿನೈದು ಜನರನ್ನು ಒಟ್ಟು ಮಾಡಿ, ಕೊನೆಯ ಮೂರು ದಿನ ಮಾವನ ಗೆಳೆಯರ ಹೋಮ್‌ಸ್ಟೇಗೆ ಸಾಗಿಸಿದೆ. ಬಸ್ ಚಾರ್ಜು, ಅಕ್ಕಿರೊಟ್ಟಿ, ನಾಟಿಕೋಳಿ ಸಾರು ನನ್ನ ಖರ್ಚು. ಫೋನುಗಳು ನನ್ನ ಬ್ಯಾಗಿನಲ್ಲಿ. ಅಲ್ಲಿ ನೆಟ್‌ವರ್ಕ್ ಇಲ್ಲದ್ದು ವರವಾಯಿತು, ಯಾರಿಗೂ ಯಾವ ಫಾರ್ವರ್ಡೂ ಬರಲಿಲ್ಲ. ಗೇಮ್ ಪಾಸಾಯಿತು. ಅದನ್ನು ಆಡಿದವರು ಇಬ್ಬರೇ ಇಬ್ಬರು. ಮಿಕ್ಕವರು ಇಸ್ಪೀಟ್ ಆಡಿದರು.

ಇನ್ನು ದುಡ್ಡಿನ ವಿಷಯ. ಒಂದು ಭಾನುವಾರ ಮಾವ ಜಗುಲಿಯ ಮೇಲೆ ಕೂತು, ಮೆಣಸು ಮಾರಿದ ಚೀಟಿಯ ಹಿಂಬದಿಗೆ ನನ್ನ ಲೆಕ್ಕ ಬರೆದುಕೊಂಡರು. ಗೇಮಿಗೆ ಗಿರಾಕಿ ಕೊಡುವುದು 236 ರೂಪಾಯಿ ಅಂತಿಟ್ಟುಕೊಳ್ಳೋಣ. ಅದರಲ್ಲಿ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 36 ರೂಪಾಯಿ. ಉಳಿದ 200ರಲ್ಲಿ ಸ್ಟೀಮಿಗೆ 30 ಪರ್ಸೆಂಟ್, 60 ರೂಪಾಯಿ. ನನಗೆ 140. ಅದಕ್ಕೂ ಮೊದಲು ಒಂದೊಂದು ಗೇಮಿಗೆ 100 ಡಾಲರ್ ಕಟ್ಟಿಯೇ ಒಳಗೆ ಹೋಗಬೇಕು. ಸಾವಿರ ಡಾಲರ್ ವ್ಯಾಪಾರವಾದರೆ ಅದು ವಾಪಸ್. ಅಮೆರಿಕದಲ್ಲಿ ಮಾರಾಟವಾದ ಪ್ರತಿಗೆ ಡಬ್ಲ್ಯು-8ಬಿಇಎನ್ ಅನ್ನುವ ಫಾರಂ ತುಂಬದಿದ್ದರೆ ಅಲ್ಲಿನ ತೆರಿಗೆ ಬೇರೆ 30 ಪರ್ಸೆಂಟ್. ಇದು ಪೂರ್ತಿ ಬೆಲೆಗೆ ಕೊಂಡವರ ಲೆಕ್ಕ. ಪೂರ್ತಿ ಬೆಲೆಗೆ ಕೊಳ್ಳುವವರು ನಮ್ಮ ನೆಂಟರಲ್ಲೇ ಇಲ್ಲ. ಎಲ್ಲರೂ ಅದನ್ನು ವಿಶ್‌ಲಿಸ್ಟಿಗೆ ಹಾಕಿಕೊಂಡು, ಆಷಾಢ ಸೇಲಿಗೆ ಕಾದ ಹಾಗೆ, ಅರ್ಧ ಬೆಲೆಗೆ ಕಾಯುತ್ತಾರೆ.

ಮಾವ ಪೆನ್ನು ಕೆಳಗಿಟ್ಟರು. 'ನಮಗೆ ಮಾಯಿಶ್ಚರ್ ಅಂತ ಕಳೀತಾರೆ, ಕಾಫಿ ಇಳುವರಿ ನೋಡಿ ಓಟಿ ಅಂತ ಕಳೀತಾರೆ. ಆದ್ರೂ ಮಂಡಿಯೋನು ನೂರಕ್ಕೆ ಮೂವತ್ತು ಕೇಳಿದ್ರೆ ಮೂಟೆ ವಾಪಸ್ ಜೀಪಿಗೆ ಹಾಕ್ತೀವಪ್ಪ.'

'ವಾಪಸ್ ಎಲ್ಲಿಗೆ ತಗೊಂಡು ಹೋಗಲಿ ಮಾವ? ಸಂತೆ ಇರೋದೇ ಅಲ್ಲಿ.'

'ಹಂಗಾದ್ರೆ ನೀನು ಸ್ವಂತ ಗೇಮ್ ಮಾಡಿಲ್ಲ. ಯಾರದೋ ಗದ್ದೆ ವಾರಕ್ಕೆ ಮಾಡಿ ಪಾಲು ಕೊಡ್ತಾ ಇದೀಯ.'

ಒಂದು ವಿಷಯ ಹೇಳಬಾರದಿತ್ತು, ಹೇಳಿಬಿಟ್ಟೆ. ವ್ಯಾಪಾರ 1 ಕೋಟಿ ಡಾಲರ್ ದಾಟಿದವರಿಗೆ ಆ 30 ಅನ್ನುವುದು 25ಕ್ಕೆ ಇಳಿಯುತ್ತದೆ, 5 ಕೋಟಿ ದಾಟಿದವರಿಗೆ 20ಕ್ಕೆ. ಮಾವನ ಮುಖ ಅರಳಿತು. ಕೊನೆಗೂ ಅವರಿಗೆ ಗೇಮ್ ಇಂಡಸ್ಟ್ರಿ ಅರ್ಥವಾಗಿತ್ತು. 'ದೊಡ್ಡ ಎಸ್ಟೇಟಿಗೆ ಕಮಿಷನ್ ಕಮ್ಮಿ. ಸಣ್ಣ ಹಿಡುವಳಿಗೆ ಪೂರ್ತಿ. ಇದು ಎಪಿಎಂಸಿ ಅಲ್ಲದೆ ಇನ್ನೇನೋ?'

ರೀಫಂಡ್ ವಿಷಯ ಬಂದಾಗ ಮಾತ್ರ ಅತ್ತೆಯೂ ಒಳಗಿನಿಂದ ಬಂದು ಕೂತರು. ಸ್ಟೀಮಿನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ, ದುಡ್ಡು ವಾಪಸ್ ಕೇಳಬಹುದು. ನನ್ನ ಆನೆ ಕಾಡು ಸೇರಲು ತೆಗೆದುಕೊಳ್ಳುವುದು ಒಂದು ಗಂಟೆ ನಲವತ್ತು ನಿಮಿಷ. ಒಬ್ಬ ಪುಣ್ಯಾತ್ಮ ಗೇಮ್ ಪೂರ್ತಿ ಮುಗಿಸಿ, 'ತುಂಬಾ ಚೆನ್ನಾಗಿದೆ, ಕಣ್ಣಲ್ಲಿ ನೀರು ಬಂತು' ಅಂತ ಬರೆದು, ದುಡ್ಡು ವಾಪಸ್ ತೆಗೆದುಕೊಂಡ. ಅತ್ತೆ ಗಲ್ಲಕ್ಕೆ ಕೈ ಇಟ್ಟುಕೊಂಡರು. 'ಅಯ್ಯೋ! ಮದುವೆ ಮನೇಲಿ ಹೋಳಿಗೆ ಊಟ ಮಾಡಿ, ಕೈ ತೊಳೆದು, ಮುಯ್ಯಿ ವಾಪಸ್ ಕೇಳ್ದಂಗೆ ಆಯ್ತಲ್ಲೋ!'

ಗೇಮ್ ಮುಗಿಯುವ ಮುಂಚೆಯೇ ಅರ್ಧಂಬರ್ಧ ಮಾರುವ ದಾರಿಯೂ ಇದೆ. ಅರ್ಲಿ ಆಕ್ಸೆಸ್ ಅಂತಾರೆ. ಅಪ್ಪನಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಹಾಸನದ ವಿಮಾನ ನಿಲ್ದಾಣ ಅಂದೆ. 'ಓಹೋ' ಅಂದರು. ಆಮೇಲೆ ತುಸು ಹೊತ್ತು ಬಿಟ್ಟು, 'ಅದಕ್ಕಿಂತ ಬೇಗ ಮುಗಿಸು' ಅಂದರು.

ಅಂತೂ ಒಂದಿಷ್ಟು ಡಾಲರ್ ಬಂತು. ಬ್ಯಾಂಕಿನಿಂದ ಫೋನ್ ಬಂತು. ಯಾವ ಬ್ಯಾಂಕ್ ಅಂತ ಹೇಳುವುದಿಲ್ಲ, ನಾಳೆಯೂ ಅಲ್ಲಿಗೇ ಹೋಗಬೇಕು. ಮ್ಯಾನೇಜರ್ ಒಳ್ಳೆಯ ಮನುಷ್ಯ. ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದರು. 'ಗೇಮಿಂಗ್ ಅಂತ ಬಂದಿದೆಯಲ್ಲಪ್ಪ, ಅದು ಬ್ಯಾನ್ ಆಗಿದೆ ಅಲ್ವಾ?'

ಬ್ಯಾನ್ ಆಗಿರುವುದು ದುಡ್ಡು ಗೆಲ್ಲುವ ಆಸೆಗೆ ದುಡ್ಡು ಕಟ್ಟಿ ಆಡುವ ಗೇಮ್. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟ್ ಆ ಕಾನೂನು ಮಾಡಿತು. ಹಣದ ಗೇಮ್ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಅಂಥ ಗೇಮಿನ ದುಡ್ಡನ್ನು ಬ್ಯಾಂಕುಗಳೂ ಮುಟ್ಟುವಂತಿಲ್ಲ. ತಮಾಷೆ ಅಂದರೆ ಆ ಕಾನೂನಿನ ಹೆಸರು ಶುರುವಾಗುವುದೇ ಆನ್‌ಲೈನ್ ಗೇಮಿಂಗ್‌ಗೆ 'ಉತ್ತೇಜನ' ಅನ್ನುವ ಮಾತಿನಿಂದ. ಉತ್ತೇಜನದ ಭಾಗ ನನಗೆ, ನಿಷೇಧದ ಭಾಗ ರಮ್ಮಿಗೆ. ಆದರೆ ಕೌಂಟರಿನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿರುತ್ತೇವೆ. ಮೂರು ಸಲ ಹೋಗಿ, ಮೂರು ಸಲ ಬರೆದುಕೊಟ್ಟೆ: ನನ್ನ ಗೇಮಿನಲ್ಲಿ ಜೂಜು ಇಲ್ಲ, ಇಸ್ಪೀಟ್ ಇಲ್ಲ, ಇರುವುದು ಒಂದು ಆನೆ, ಅದು ಹಲಸಿನ ಹಣ್ಣು ತಿನ್ನುತ್ತದೆ.

ದುಡ್ಡು ಬಂದ ಖುಷಿಯಲ್ಲಿ ಲೋನ್ ಕೇಳಿದೆ. ಅದೇ ತಪ್ಪಾಗಿದ್ದು. ಕಾಫಿ, ಮೆಣಸು, ಡೈರಿ, ಹಂದಿ ಸಾಕಣೆ, ಪಾಲಿಹೌಸ್, ಎಲ್ಲಕ್ಕೂ ಅವರ ಹತ್ತಿರ ಫಾರಂ ಇತ್ತು. ಗೇಮಿಗೆ ಇರಲಿಲ್ಲ. ಪಾಪ, ಅವರೂ ಪ್ರಯತ್ನಪಟ್ಟರು. 'ಸರ್ವೆ ನಂಬರ್ ಏನಾದ್ರೂ ಇದೆಯಾ? ಹೋಗ್ಲಿ, ಆನೆ ಅಂತೀರಲ್ಲ, ಜಾನುವಾರು ಅಂತ ಹಾಕೋಣ್ವಾ?' ಆನೆ ಅರಣ್ಯ ಇಲಾಖೆಗೆ ಸೇರುತ್ತೆ ಸರ್, ಎನ್‌ಒಸಿ ಕೇಳ್ತಾರೆ ಅಂದೆ. ಅವರು ಗಂಭೀರವಾಗಿ ತಲೆ ಆಡಿಸಿದರು. ಹೊರಡುವಾಗ ತಮ್ಮ ಸಂಕಟ ಹೇಳಿಕೊಂಡರು. ಮಗ ಯಾವುದೋ ಗೇಮಿನಲ್ಲಿ ಬಂದೂಕಿಗೆ ಹೊಸ ಬಣ್ಣ ಹಾಕಿಸಲು ಅಪ್ಪನ ಕಾರ್ಡಿನಿಂದ ಎರಡು ಸಾವಿರ ಕಳೆದಿದ್ದಾನಂತೆ. 'ಅದಿರಲಿ, ನಿಮ್ಮ ಗೇಮ್ ನಮ್ಮ ಹುಡುಗನಿಗೆ ಒಂದು ಫ್ರೀ ಕೊಡಿ. ನಮ್ಮೂರಿನೋರು ಮಾಡಿದ್ದು ಅಂತ ಹೇಳ್ತೀನಿ.'

ನಿನ್ನೆ ಸಂಜೆ ಆ ಮುಖ್ಯ ಅತಿಥಿಗಳ ಆಪ್ತರಿಂದ ಫೋನ್ ಬಂತು. ಸಾಹೇಬರಿಗೆ ಒಂದು ಗೇಮ್ ಬೇಕಂತೆ, ಎಲೆಕ್ಷನ್ ಗೇಮ್. ಸಾಹೇಬರು ಊರೂರು ಓಡಬೇಕು, ದಾರಿಯಲ್ಲಿ ವಿರೋಧಿಗಳನ್ನು ಹಾರಬೇಕು, ಮತ ಹೆಕ್ಕಬೇಕು.

'ಸೋತರೆ ಏನಾಗಬೇಕು ಸರ್?' ಅಂತ ಕೇಳಿದೆ.

'ಸೋಲೋ ಹಾಗಿಲ್ಲ. ಸೋಲೋ ಬಟನ್ನೇ ಇಡಬೇಡಿ.'

'ಖರ್ಚು ಸ್ವಲ್ಪ ಆಗುತ್ತೆ ಸರ್.'

'ಖರ್ಚಾ? ನಿಮಗೆ ಮೊನ್ನೆ ತಾನೇ ಸನ್ಮಾನ ಮಾಡಿದ್ದೀವಲ್ರೀ. ಬೇಕಿದ್ರೆ ಇನ್ನೊಂದು ಮಾಡೋಣ, ಈ ಸಲ ಕಲಾಭವನದಲ್ಲೇ.'

ಫೋನ್ ಸ್ಪೀಕರಿನಲ್ಲಿತ್ತು. ಅಮ್ಮ ಅಡುಗೆಮನೆಯಿಂದಲೇ ಕೂಗಿದರು: 'ಒಪ್ಕೋ. ಆದ್ರೆ ಪೇಪರ್ ಚೂರು ಕಮ್ಮಿ ಹಾಕ್ಸಿ ಅಂತ ಹೇಳು.'